ಸೆರ್ಸಾಯ್ ಎಂಟ್ರಿಯಲ್ಲಿ ಹೆಸರು, ಸರ್ವೆ ನಂಬರ್ ತಪ್ಪದ ಹಾಗೆ ನಾನು ಮಾಡುವ ಕ್ರಮ

ಸಾಲಕ್ಕೆ ಜಾಗ ಅಡವು ಇರಿಸಿಕೊಂಡ ಮೇಲೆ ಸೆರ್ಸಾಯ್‌ನಲ್ಲಿ, ಅಂದರೆ ಬ್ಯಾಂಕುಗಳು ಅಡವುಗಳನ್ನು ನೋಂದಾಯಿಸುವ ಕೇಂದ್ರ ದಾಖಲೆಯ ಪೋರ್ಟಲಿನಲ್ಲಿ, ಎಂಟ್ರಿ ಹಾಕುವುದು ಸಣ್ಣ ಕೆಲಸ. ಅದರಲ್ಲಿ ಆದ ತಪ್ಪು ಕಣ್ಣಿಗೆ ಬೀಳುವುದು ಮಾತ್ರ ವಸೂಲಿಗೆ ಹೊರಟಾಗ. ಅಡವಿನ ಆಸ್ತಿಯನ್ನು ಬ್ಯಾಂಕು ಕೋರ್ಟಿನಲ್ಲಿ ದಾವೆ ಹಾಕದೆ ಜಪ್ತಿ ಮಾಡಲು ಬಿಡುವ ಸರ್ಫೇಸಿ ಕಾಯ್ದೆಯ 26ಡಿ ಕಲಂ 2020ರ ಜನವರಿ 24ರಿಂದ ಜಾರಿಯಲ್ಲಿದೆ. ನೋಂದಣಿಯಾಗದ ಅಡವಿನ ಮೇಲೆ ಬ್ಯಾಂಕು ಆ ಕಾಯ್ದೆಯ ಜಪ್ತಿ ಅಧಿಕಾರ ಬಳಸುವಂತಿಲ್ಲ. 26ಸಿ ಪ್ರಕಾರ ನೋಂದಣಿಯೇ ಸಾರ್ವಜನಿಕರಿಗೆ ಕೊಟ್ಟ ನೋಟಿಸು. ಪಕ್ಕದ ಮನೆಯವರ ಸರ್ವೆ ನಂಬರಿನಲ್ಲಿ ಹೋಗಿ ಕೂತ ಎಂಟ್ರಿ ಯಾರಿಗೆ ಕೊಟ್ಟ ನೋಟಿಸು ಅಂತ ವಕೀಲರು ಕೇಳಿದರೆ ನಮ್ಮಲ್ಲಿ ಉತ್ತರ ಇರುವುದಿಲ್ಲ.

ನನ್ನ ಕ್ರಮ ಒಂದೇ: ಒಂದು ಕಾಲಮ್ಮಿಗೆ ಒಂದೇ ಮೂಲ ದಾಖಲೆ. ಸಾಲಗಾರನ ಹೆಸರು ಪ್ಯಾನ್ ಕಾರ್ಡಿನಿಂದ, ಜಾಗದ ವಿವರ ಆಧಾರದಿಂದ (ಜಾಗದ ನೋಂದಾಯಿತ ಪತ್ರ) ಮತ್ತು ಈ ವರ್ಷದ ತೀರ್ವೆ (ಭೂಕಂದಾಯ) ರಶೀದಿಯಿಂದ, ಮೊತ್ತ ಮಂಜೂರಾತಿ ಪತ್ರದಿಂದ. ಸಾಲದ ಅರ್ಜಿಯಿಂದ ಏನನ್ನೂ ನಕಲು ಮಾಡುವುದಿಲ್ಲ, ಅದು ಯಾರೋ ಕೈಯಲ್ಲಿ ತುಂಬಿಸಿದ್ದು. (ನಮ್ಮ ಕಾಸರಗೋಡಿನಲ್ಲಿ ಜಾಗದ ಪತ್ರಕ್ಕೂ ಆಧಾರ, ಕಾರ್ಡಿಗೂ ಆಧಾರ್. ಹೊಸಬರಿಗೆ ಕೆಲಸ ಹೇಳುವಾಗ ಇದನ್ನೇ ಮೊದಲು ಬಿಡಿಸಿ ಹೇಳಬೇಕಾಗುತ್ತದೆ.)

ಹೆಸರಿನ ತೊಂದರೆ ಇಲ್ಲಿ ಬೇರೆ ಕಡೆಗಿಂತ ಹೆಚ್ಚು. ಹಳೆಯ ಆಧಾರ ಕನ್ನಡದಲ್ಲಿ, ವಿಲೇಜ್ ಆಫೀಸಿನ ದಾಖಲೆ ಮಲಯಾಳದಲ್ಲಿ, ಪೋರ್ಟಲ್ ಇಂಗ್ಲಿಷಿನಲ್ಲಿ. ಮೂರು ಲಿಪಿ ದಾಟುವಷ್ಟರಲ್ಲಿ ನಾರಾಯಣ ‘ನಾರಾಯಣನ್’ ಆಗಿರುತ್ತಾನೆ, ರಾಮಚಂದ್ರ ‘ರಾಮಚಂದ್ರನ್’. ಸಾವಿತ್ರಿಯ ‘ತ’ಕಾರಕ್ಕೆ ಒಂದು ಕಡೆ ಟಿ, ಇನ್ನೊಂದು ಕಡೆ ಟಿಎಚ್. ಮೊಯ್ದೀನ್, ಮುಹಮ್ಮದ್, ಅಬ್ದುಲ್ಲ ಇವುಗಳ ಸ್ಪೆಲ್ಲಿಂಗ್ ಕಾರ್ಡಿಗೊಂದು ತರಹ. ನಾಯ್ಕ, ನಾಯಕ್ ಎರಡೂ ಒಂದೇ ಅಂದುಕೊಂಡು ‘ಸರಿ’ ಮಾಡಲು ಹೋದರೆ ಬೇರೆಯೇ ಮನೆತನದವರಾಗಿಬಿಡುತ್ತಾರೆ. ಹಾಗಾಗಿ ನಾನು ಯಾವ ಹೆಸರನ್ನೂ ತಿದ್ದುವುದಿಲ್ಲ. ಪ್ಯಾನ್‌ನಲ್ಲಿ ತಪ್ಪು ಸ್ಪೆಲ್ಲಿಂಗ್ ಇದ್ದರೆ ಆ ತಪ್ಪೇ ಎಂಟ್ರಿಗೂ ಹೋಗುತ್ತದೆ. ಆಧಾರದ ಹೆಸರಿಗೂ ಪ್ಯಾನ್ ಹೆಸರಿಗೂ ಕಣ್ಣಿಗೆ ಹೊಡೆಯುವ ವ್ಯತ್ಯಾಸವಿದ್ದರೆ, ಇಬ್ಬರೂ ಒಬ್ಬರೇ ಎಂಬ ‘ವನ್ ಆ್ಯಂಡ್ ದ ಸೇಮ್’ ಸರ್ಟಿಫಿಕೇಟನ್ನು ವಿಲೇಜ್ ಆಫೀಸಿನಿಂದ ತರಿಸಿ ಫೈಲಿಗೆ ಸೇರಿಸುತ್ತೇನೆ, ಸಾಲ ಬಿಡುಗಡೆಗೆ ಮೊದಲೇ. ಹಣ ಕೈಗೆ ಸಿಕ್ಕ ಮೇಲೆ ಆ ಕಾಗದಕ್ಕಾಗಿ ಯಾರೂ ಓಡಾಡುವುದಿಲ್ಲ.

ಇನಿಶಿಯಲ್ ಇನ್ನೊಂದು ಉರುಳು. ಆಧಾರ್‌ನಲ್ಲಿ ‘ಕೆ.’ ಅಂತಷ್ಟೇ ಇರುವುದು ಪ್ಯಾನ್‌ನಲ್ಲಿ ಮನೆಯ ಹೆಸರೋ ಊರಿನ ಹೆಸರೋ ಆಗಿ ಪೂರ್ತಿ ಬಿಚ್ಚಿಕೊಂಡಿರುತ್ತದೆ. ಪ್ಯಾನ್ ನಂಬರನ್ನೇ ಒಮ್ಮೆ ಓದಿ ನೋಡಿ. ನಾಲ್ಕನೆಯ ಅಕ್ಷರ ಪಿ ಇದ್ದರೆ ವ್ಯಕ್ತಿ, ಎಫ್ ಇದ್ದರೆ ಪಾಲುದಾರಿಕೆ, ಸಿ ಇದ್ದರೆ ಕಂಪನಿ, ಎಚ್ ಇದ್ದರೆ ಅವಿಭಕ್ತ ಕುಟುಂಬ. ವ್ಯಕ್ತಿಯಾದರೆ ಐದನೆಯದು ಸರ್‌ನೇಮಿನ ಮೊದಲಕ್ಷರ. ಆ ಅಕ್ಷರ ಹೆಸರಿನ ಯಾವ ತುಂಡಿಗೂ ಹೊಂದದಿದ್ದರೆ ಟೈಪಿಂಗ್ ತಪ್ಪಿದೆ ಅಂತಲೇ ಹಿಡಿಯುತ್ತೇನೆ. ಮದುವೆಯಾದ ಮೇಲೆ ಸರ್‌ನೇಮ್ ಬದಲಿಸಿದ ಹೆಂಗಸರಿಗೆ ಮಾತ್ರ ಈ ಪರೀಕ್ಷೆ ನಡೆಯದು, ನಂಬರ್ ಹಳೆಯದೇ ಉಳಿದಿರುತ್ತದೆ. ಅಂಗಡಿ ಸಾಲದಲ್ಲಿ ಬೋರ್ಡಿನ ಹೆಸರನ್ನು ಸಾಲಗಾರ ಅಂತ ಹಾಕುವವರಿದ್ದಾರೆ. ಒಬ್ಬನದೇ ಅಂಗಡಿಯಾದರೆ ಸಾಲಗಾರ ಆ ಮನುಷ್ಯ, ಬೋರ್ಡ್ ಅಲ್ಲ. ಕಂಪನಿಗಾದರೆ ಸೆರ್ಸಾಯ್ ಜೊತೆಗೆ 30 ದಿನದೊಳಗೆ ಕಂಪನಿ ರಿಜಿಸ್ಟ್ರಾರರಿಗೆ ಸಿಎಚ್‌ಜಿ-1 ಫಾರಮ್ ಕೂಡ ಹೋಗಬೇಕು. 21 ಅಕ್ಷರದ ಸಿಐಎನ್ (ಕಂಪನಿಯ ಗುರುತಿನ ನಂಬರ್) ಹೊಡೆದ ಮೇಲೆ ಬರುವ ಹೆಸರು ನಮ್ಮ ದಾಖಲೆಯದ್ದೇ ಹೌದೋ ಅಂತ ಓದದೆ ಮುಂದೆ ಹೋಗಬಾರದು.

ಜಾಗದ ವಿವರಕ್ಕೆ ಬಂದರೆ, ಆಧಾರದ ತಾರೀಕು ನೋಡದೆ ಜಿಲ್ಲೆ, ತಾಲೂಕು ನಕಲು ಮಾಡಬೇಡಿ. 1956ರ ಮೊದಲಿನದರಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಇರುತ್ತದೆ, ಆಮೇಲಿನದರಲ್ಲಿ ಕಣ್ಣೂರು. ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ 24ರಂದು. ಮಂಜೇಶ್ವರ ತಾಲೂಕು ಬಂದದ್ದು 2014ರಲ್ಲಿ, ಅದಕ್ಕೆ ಮೊದಲಿನ ಆಧಾರದಲ್ಲಿ ಅದೇ ಜಾಗ ಕಾಸರಗೋಡು ತಾಲೂಕು. ಪೋರ್ಟಲಿಗೆ ಹೋಗಬೇಕಾದದ್ದು ಇವತ್ತಿನ ಜಿಲ್ಲೆ, ಇವತ್ತಿನ ತಾಲೂಕು. ಹಳೆಯದನ್ನು ವಿವರಣೆಯ ಜಾಗದಲ್ಲಿ ಸೇರಿಸುತ್ತೇನೆ.

ಸರ್ವೆ ನಂಬರಿನಲ್ಲೂ ಹೀಗೆಯೇ. ಆಧಾರದಲ್ಲಿ ಹಳೆಯ ನಂಬರ್, ರಶೀದಿಯಲ್ಲಿ ಬ್ಲಾಕ್ ನಂಬರ್ ಮತ್ತು ರೀಸರ್ವೆ ನಂಬರ್ ಇದ್ದರೆ ಎಲ್ಲವೂ ಬೇಕು. ಮುಖ್ಯ ಕಾಲಮ್ಮಿಗೆ ಹೊಸದು, ವಿವರಣೆಗೆ ಹಳೆಯದು, ಜೊತೆಗೆ ತಂಡಪ್ಪೇರ್ ನಂಬರ್ (ವಿಲೇಜ್ ಆಫೀಸಿನಲ್ಲಿ ಜಾಗದ ಒಡೆಯನ ತೀರ್ವೆ ಖಾತೆಯ ನಂಬರ್). ‘45/1ಎ1’ ಅನ್ನುವುದರ ಕೊನೆಯ ಒಂದನ್ನು ನುಂಗಿದರೆ ‘45/1ಎ’ ಆಗುತ್ತದೆ, ಅದು ಬೇರೆಯೇ ತುಂಡು. ಆಧಾರದಲ್ಲಿ ‘ಭಾಗ’ ಅಂತ ಇದ್ದರೆ ಅದನ್ನೂ ಬರೆಯಬೇಕು, ಇಲ್ಲದಿದ್ದರೆ ಇಡೀ ಸಬ್‌ಡಿವಿಷನ್ ಅಡವು ಇದ್ದ ಹಾಗೆ ಕಾಣುತ್ತದೆ.

ವಿಸ್ತೀರ್ಣದಲ್ಲಿ ಆಗುವ ತಪ್ಪು ಒಂದಕ್ಕೆ ನೂರು ಪಾಲಿನದು. ಆಧಾರದಲ್ಲಿ 10 ಸೆಂಟ್ಸ್, ರಶೀದಿಯಲ್ಲಿ 4.05 ಆರ್. ಪೋರ್ಟಲಿನಲ್ಲಿ ಯುನಿಟ್ ಹೆಕ್ಟೇರ್ ಅಂತ ಬಿಟ್ಟು 4.05 ಹೊಡೆದರೆ ಹತ್ತು ಸೆಂಟ್ಸ್ ಹತ್ತು ಎಕರೆ ಆಗುತ್ತದೆ. ಸೆಂಟ್ಸನ್ನು 0.4047ರಿಂದ ಗುಣಿಸಿದರೆ ಆರ್. ಆರ್‌ನ ನೂರರಲ್ಲೊಂದು ಹೆಕ್ಟೇರ್. ಈ ಲೆಕ್ಕ ಬರೆದ ಚೀಟಿ ನನ್ನ ಮಾನಿಟರಿಗೇ ಅಂಟಿಕೊಂಡಿದೆ.

ಒಟ್ಟಿಗೆ ತುಂಬಾ ಎಂಟ್ರಿ ಕಳಿಸುವವರು ಎಕ್ಸೆಲ್ ಮೇಲೆ ಕಣ್ಣಿಡಿ. ಸರ್ವೆ ನಂಬರ್ 4/2 ಅಂತ ಹಾಕಿ ಎಂಟರ್ ಒತ್ತಿದರೆ ಅದು ತಾರೀಕಾಗಿ ಬದಲಾಗುತ್ತದೆ. 16 ಅಂಕಿಯ ಖಾತೆ ನಂಬರಿನ ಕೊನೆಯ ಅಂಕಿ ಸದ್ದಿಲ್ಲದೆ ಸೊನ್ನೆಯಾಗುತ್ತದೆ, ಎಕ್ಸೆಲ್ 15 ಅಂಕಿ ಮಾತ್ರ ಹಿಡಿಯುವುದು. ನಂಬರಿನ ಮುಂದಿನ ಸೊನ್ನೆಗಳು ಹಾರಿಹೋಗುತ್ತವೆ. ಕಾಲಮ್ಮನ್ನು ಡೇಟಾ ಹಾಕುವ ಮೊದಲೇ ‘ಟೆಕ್ಸ್ಟ್’ ಮಾಡಬೇಕು. ಹಾಕಿದ ಮೇಲೆ ಮಾಡಿದರೆ ಹೋದದ್ದು ಮರಳಿ ಬರುವುದಿಲ್ಲ.

ಎಂಟ್ರಿ ಒಬ್ಬರು ಹಾಕಿ ಇನ್ನೊಬ್ಬರು ಒಪ್ಪಿಗೆ ಕೊಡುವ ಪದ್ಧತಿ ಇದೆಯಲ್ಲ, ಅದು ನಡೆಯುವುದು ಒಪ್ಪಿಗೆ ಕೊಡುವವರ ಕೈಯಲ್ಲಿ ಮೂಲ ದಾಖಲೆ ಇದ್ದರೆ ಮಾತ್ರ. ಸ್ಕ್ರೀನ್ ನೋಡಿ ‘ಸರಿ ಉಂಟು’ ಅನ್ನುವುದು ಪರಿಶೀಲನೆ ಅಲ್ಲ. ನಂಬರುಗಳನ್ನು ಬಲದಿಂದ ಎಡಕ್ಕೆ ಓದಿಸುತ್ತೇನೆ. ಎಡದಿಂದ ಓದಿದರೆ ಕಣ್ಣು ತನಗೆ ಬೇಕಾದ್ದನ್ನೇ ಓದಿಕೊಂಡು ಹೋಗುತ್ತದೆ.

ಕೊನೆಗೆ ಮಾಡುವ ಪರೀಕ್ಷೆ ಎಲ್ಲಕ್ಕಿಂತ ಪ್ರಯೋಜನದ್ದು. ನೋಂದಣಿಯಾದ ಮೇಲೆ ಬೇರೆ ಬ್ಯಾಂಕಿನವರ ಹಾಗೆ ಹೊಸದಾಗಿ ಹುಡುಕುವುದು, ಒಮ್ಮೆ ಸಾಲಗಾರನಿಂದ, ಒಮ್ಮೆ ಜಾಗದಿಂದ. ನಮ್ಮದೇ ಎಂಟ್ರಿ ನಮಗೇ ಸಿಗದಿದ್ದರೆ ಆವತ್ತೇ ತಿದ್ದುಪಡಿ ಹಾಕುತ್ತೇನೆ. ತಡವಾಗಿ ಸಿಕ್ಕಿದ ತಪ್ಪಿಗೆ 26ಎ ಕಲಂ ಇದೆ, ಆದರೆ ಅದು ಅರ್ಜಿ, ಕಾರಣ, ಆದೇಶ ಅಂತ ಉದ್ದದ ದಾರಿ.

ವಾಹನ ಸಾಲದಲ್ಲಿ ಮಾತು ಕಡಿಮೆ. ಚಾಸಿಸ್ ನಂಬರ್ 17 ಅಕ್ಷರದ್ದು, ಅದರಲ್ಲಿ ಇಂಗ್ಲಿಷಿನ ಐ, ಒ, ಕ್ಯೂ ಇರುವುದೇ ಇಲ್ಲ. ಹಾಗೆ ಕಂಡರೆ ಅದು ಒಂದು ಅಥವಾ ಸೊನ್ನೆ.

ಸಾಲ ತೀರಿದಾಗ ಚಾರ್ಜ್ (ದಾಖಲೆಯಲ್ಲಿರುವ ಅಡವಿನ ನಮೂದು) ತೆಗೆಯುವಲ್ಲಿಯೂ ಇದೇ ಜಾಗ್ರತೆ ಬೇಕು. ಒಂದೇ ಜಾಗದ ಮೇಲೆ ಎರಡು ಸಾಲ ಇದ್ದರೆ ಹೆಸರು ನೋಡಿ ಮುಚ್ಚಬಾರದು, ಪ್ರತಿ ಅಡವಿಗೂ ಪೋರ್ಟಲ್ ಕೊಡುವ ಸೆಕ್ಯುರಿಟಿ ಇಂಟರೆಸ್ಟ್ ಐಡಿ ನೋಡಿ ಮುಚ್ಚಬೇಕು. 2023ರ ಡಿಸೆಂಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಪೂರ್ತಿ ತೀರಿದ 30 ದಿನದೊಳಗೆ ದಾಖಲೆ ಮರಳಿಸಿ ಚಾರ್ಜ್ ತೆಗೆಯಬೇಕು. ಬ್ಯಾಂಕಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ. ಸಹಕಾರಿ ಬ್ಯಾಂಕಿನವರು ಗೆಹಾನ್ (ಸಹಕಾರಿ ಸಾಲಕ್ಕೆ ಜಾಗದ ಮೇಲೆ ಬರೆಸುವ ಅಡವು) ಬಿಡುಗಡೆಯ ಕಾಗದ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕಳಿಸಿ ಸುಮ್ಮನಾಗಬಾರದು. ಹೊಸ ಇಸಿ (ಋಣಭಾರ ಪತ್ರ) ತೆಗೆಸಿ, ಅದರಲ್ಲಿ ಬಿಡುಗಡೆ ಅದೇ ಸರ್ವೆ ನಂಬರಿನ ಮೇಲೆ ಬಂದಿದೆಯೋ ನೋಡಿದ ಮೇಲೆಯೇ ಫೈಲು ಕಪಾಟಿಗೆ.