ಸುಸ್ತಿಗೆ ಮೊದಲ ಮದ್ದು ವಾಕಿಂಗ್ ಅಲ್ಲ

ಸುಸ್ತು ಅಂತ ಬಾಯಿ ಬಿಟ್ಟರೆ ಸಾಕು, ಬೆಂಗಳೂರಲ್ಲಿ ಎಲ್ಲರ ಹತ್ತಿರವೂ ಒಂದೇ ಮದ್ದು. ಬೆಳಗ್ಗೆ ಐದಕ್ಕೆ ಎದ್ದು ವಾಕಿಂಗ್ ಹೋಗಿ. ಆಫೀಸಿನವರು, ಪಕ್ಕದ ಮನೆಯವರು, ನಮ್ಮತ್ತೆಯ ಭಜನಾ ಮಂಡಳಿಯವರು, ಎಲ್ಲರೂ ನನಗೆ ಇದನ್ನೇ ಹೇಳಿದರು. ನಾನು ಹೋಗಲಿಲ್ಲ. ಒಂದು ಮಹಡಿ ಹತ್ತಿದರೆ ಏದುಸಿರು ಬಿಡುವವಳನ್ನು ನಸುಕಿನಲ್ಲಿ ಎಬ್ಬಿಸಿ ನಡೆಸಿದರೆ ಸುಸ್ತು ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆ ಆಗಲ್ಲ, ಅಲ್ವಾ? ನಾನು ಹಿಡಿದ ಕ್ರಮ ಬೇರೆ. ಮೊದಲು ರಕ್ತ, ಆಮೇಲೆ ನಿದ್ದೆ, ಆಮೇಲೆ ಊಟ. ನಡಿಗೆ ಕೊನೆಗೆ ತಾನಾಗೇ ಬಂತು.

ನನಗೀಗ ನಲವತ್ತು ದಾಟಿದೆ. ಮನೆ ಬನಶಂಕರಿಯಲ್ಲಿ, ಕೆಲಸ ಪೀಣ್ಯದ ಫ್ಯಾಕ್ಟರಿಯೊಂದರ ಅಕೌಂಟ್ಸ್ ವಿಭಾಗದಲ್ಲಿ. ಹಸಿರು ಲೈನ್ ಮೆಟ್ರೋದಲ್ಲಿ ಹೋಗಿ ಬರುತ್ತೇನೆ. ಸಂಜೆ ಮನೆಗೆ ಬಂದರೆ ಬ್ಯಾಗ್ ಇಳಿಸುವ ಮೊದಲು ಸೋಫಾ ಮೇಲೆ ಒರಗಿಬಿಡುತ್ತಿದ್ದೆ. ಮಧ್ಯಾಹ್ನ ಮೂರರ ಹೊತ್ತಿಗೆ ಒಂದೇ ಬಿಲ್ಲಿನ ಮೊತ್ತವನ್ನು ಎರಡು ಮೂರು ಸಲ ಓದಬೇಕಿತ್ತು. ಮನೆ, ಆಫೀಸು, ಮಗನ ಪಿಯುಸಿ, ಇಷ್ಟೆಲ್ಲ ಇದ್ದರೆ ಸುಸ್ತಾಗದೆ ಇನ್ನೇನು ಅಂತ ಎಲ್ಲರೂ ಅಂದುಕೊಂಡಿದ್ದರು. ಆ ಮಾತು ಕೇಳಲು ಚೆನ್ನಾಗಿರುತ್ತದೆ. ಆದರೆ ಅದರಿಂದಲೇ ಎಷ್ಟೋ ಹೆಂಗಸರು ವರ್ಷಗಟ್ಟಲೆ ಡಾಕ್ಟರ ಹತ್ತಿರ ಹೋಗುವುದೇ ಇಲ್ಲ.

ನಾನು ತೋರಿಸಿದ್ದು ನಮ್ಮ ಏರಿಯಾದ ಒಬ್ಬ ಡಾಕ್ಟರಮ್ಮನಿಗೆ. ಅವರು ಮೊದಲು ಕೇಳಿದ ಪ್ರಶ್ನೆಯೇ ನನಗೆ ಇಷ್ಟವಾಯಿತು. "ಕೂತಲ್ಲೇ ನಿದ್ದೆ ತೂಗುತ್ತೇನಮ್ಮಾ, ಇಲ್ಲ ನಿದ್ದೆ ಬರದಿದ್ದರೂ ಮೈಯಲ್ಲಿ ಕಸುವೇ ಇಲ್ಲ ಅನ್ಸುತ್ತಾ?" ಇವೆರಡೂ ಬೇರೆ ಬೇರೆ. ಕೂತಲ್ಲೇ ತೂಕಡಿಸುವವರ ತೊಂದರೆ ಬಹುಪಾಲು ನಿದ್ದೆಯಲ್ಲೇ ಇರುತ್ತದೆ. ಕಣ್ಣು ಬಿಟ್ಟೇ ಇದ್ದು ಕೈಕಾಲು ಏಳದಿದ್ದರೆ ರಕ್ತ, ಥೈರಾಯ್ಡ್, ಸಕ್ಕರೆ, ಮನಸ್ಸು ಎಲ್ಲವನ್ನೂ ನೋಡಬೇಕಾಗುತ್ತದೆ. ನನ್ನದು ಎರಡನೆಯದು.

ಆಮೇಲೆ ಅವರು ಕೇಳಿದ್ದಕ್ಕೆ ನನಗೆ ನಗು ಬಂತು. "ಹಸಿ ಅಕ್ಕಿ ತಿನ್ನಬೇಕು ಅನ್ಸುತ್ತಾ?" ಹೌದು ಮತ್ತೆ! ಅನ್ನಕ್ಕೆ ಇಡುವಾಗ ಡಬ್ಬದಿಂದ ಒಂದು ಹಿಡಿ ತೆಗೆದು ಕಟಕಟ ಅಗಿಯುವುದು ನನಗೆ ರೂಢಿಯಾಗಿಬಿಟ್ಟಿತ್ತು. ಅತ್ತೆ ನೋಡಿದಾಗಲೆಲ್ಲ "ಮದುವೆಯಲ್ಲಿ ಮಳೆ ಬರುತ್ತೆ ಕಣೇ" ಅಂತ ಬೈಯುತ್ತಿದ್ದರು. ಮದುವೆ ಆಗಿ ಇಪ್ಪತ್ತು ವರ್ಷದ ಮೇಲೆ! ಅಕ್ಕಿ, ಐಸು, ಮಣ್ಣು, ಸುಣ್ಣ ತಿನ್ನುವ ಈ ಆಸೆ ಕಬ್ಬಿಣಾಂಶ ಕಡಿಮೆ ಇರುವವರಲ್ಲಿ ಕಾಣಿಸಿಕೊಳ್ಳುತ್ತದಂತೆ. ರಾತ್ರಿ ಮಲಗಿದರೆ ಕಾಲು ಸುಮ್ಮನಿರದೆ ಚಡಪಡಿಸುವುದೂ ಹಾಗೇ. ಅದೂ ನನಗಿತ್ತು. ಕಾಲು ಅಲ್ಲಾಡಿಸಿ ಅಲ್ಲಾಡಿಸಿ ನಿದ್ದೆ ಬರುವಾಗ ಹನ್ನೆರಡು ಆಗುತ್ತಿತ್ತು. ಅಂದರೆ ನನ್ನ ನಿದ್ದೆ ಕೆಡಲೂ ರಕ್ತವೇ ಒಂದು ಕಾರಣ. ಅದನ್ನು ಸರಿಮಾಡದೆ ಬೇಗ ಮಲಗಿ ಅಂದಿದ್ದರೆ ಏನು ಪ್ರಯೋಜನ?

ಟೆಸ್ಟ್ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಹಿಂದಿನ ವರ್ಷ ಆಫೀಸಿನ ಹೆಲ್ತ್ ಕ್ಯಾಂಪಿನಲ್ಲಿ ನನ್ನ ಹಿಮೋಗ್ಲೋಬಿನ್ 12.2 ಬಂದಿತ್ತು. ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅನ್ನುತ್ತಾರೆ, ಗಂಡಸರಿಗೆ 13. ಹಾಗಾಗಿ ಕ್ಯಾಂಪಿನ ಕಾಗದದಲ್ಲಿ 'ನಾರ್ಮಲ್' ಅಂತಲೇ ಇತ್ತು. ಡಾಕ್ಟರಮ್ಮ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಟೆಸ್ಟ್ ಬರೆದುಕೊಟ್ಟರು. ಅದು ಬಂದದ್ದು 7. ದೊಡ್ಡವರಲ್ಲಿ 15ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಸಂಗ್ರಹ ಬರಿದಾಗಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. 30ರ ಕೆಳಗಿದ್ದರೂ ಎಷ್ಟೋ ಡಾಕ್ಟರುಗಳು ಮಾತ್ರೆ ಶುರುಮಾಡುತ್ತಾರೆ. ಅಕೌಂಟ್ಸ್‌ನವಳಾಗಿ ನಾನು ಇದನ್ನು ಅರ್ಥ ಮಾಡಿಕೊಂಡದ್ದು ಹೀಗೆ: ಹಿಮೋಗ್ಲೋಬಿನ್ ಕೈಯಲ್ಲಿರುವ ನಗದು, ಫೆರಿಟಿನ್ ಬ್ಯಾಂಕಿನಲ್ಲಿರುವ ಹಣ. ಪರ್ಸಿನಲ್ಲಿ ನೋಟು ಕಾಣುತ್ತಿತ್ತು, ಖಾತೆ ಖಾಲಿಯಾಗಿತ್ತು.

ಜೊತೆಗೆ ಥೈರಾಯ್ಡ್ ನೋಡುವ ಟಿಎಸ್ಎಚ್, ವಿಟಮಿನ್ ಬಿ12, ಸಕ್ಕರೆ, ವಿಟಮಿನ್ ಡಿ ಕೂಡ ಮಾಡಿಸಿದರು. ಥೈರಾಯ್ಡ್, ಸಕ್ಕರೆ ಸರಿಯಾಗಿದ್ದವು. ಬಿ12 ಕಡಿಮೆ ಇತ್ತು. ನಾವು ಮೊಟ್ಟೆ, ಮಾಂಸ ತಿನ್ನುವವರಲ್ಲ, ಬಿ12 ನಮಗೆ ಸಿಗುವುದು ಹಾಲು ಮೊಸರಿನಿಂದ ಅಷ್ಟೇ. ಅದೂ ಲೋಟಗಟ್ಟಲೆ ಯಾರು ಕುಡಿಯುತ್ತಾರೆ? ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುವವರು, ಗ್ಯಾಸ್ಟ್ರಿಕ್ ಅಂತ ವರ್ಷಗಟ್ಟಲೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗುವವರು ಇದನ್ನು ಇನ್ನೂ ಜಾಸ್ತಿ ಗಮನಿಸಬೇಕು. ಆ ಮಾತ್ರೆಗಳಿಂದಲೂ ಬಿ12 ಇಳಿಯುತ್ತದೆ.

ಕಬ್ಬಿಣ ಎಲ್ಲಿ ಸೋರುತ್ತಿದೆ ಅಂತ ಹುಡುಕದೆ ಮಾತ್ರೆ ನುಂಗುತ್ತಾ ಹೋಗುವುದು ಅರ್ಧ ಕೆಲಸ. ನನ್ನದು ಮುಟ್ಟಿನಲ್ಲಿ ಹೋಗುತ್ತಿತ್ತು. ಎರಡನೇ ದಿನ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಿತ್ತು. ನಮ್ಮ ಮನೆ ಹೆಂಗಸರಿಗೆಲ್ಲ ಹೀಗೇ ಅಂತ ಅಮ್ಮನೂ ಹೇಳುತ್ತಿದ್ದರು. ಸ್ಕ್ಯಾನಿಂಗ್ ಮಾಡಿಸಿದಾಗ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಅನ್ನುವ ಸಣ್ಣ ಗೆಡ್ಡೆ ಇತ್ತು. ಆಪರೇಷನ್ ಬೇಕಾಗಲಿಲ್ಲ, ಆ ದಿನಗಳಿಗೆ ಮಾತ್ರ ರಕ್ತಸ್ರಾವ ತಗ್ಗಿಸುವ ಮಾತ್ರೆ ಕೊಟ್ಟರು. ಗಂಡಸರಿಗೋ ಮುಟ್ಟು ನಿಂತ ಹೆಂಗಸರಿಗೋ ಕಬ್ಬಿಣ ಕಡಿಮೆ ಬಂದರೆ ಸುಮ್ಮನೆ ಬಿಡಬಾರದು. ಹೊಟ್ಟೆ, ಕರುಳಿನಲ್ಲಿ ಎಲ್ಲಾದರೂ ರಕ್ತ ಹೋಗುತ್ತಿದೆಯಾ ಅಂತ ನೋಡಲೇಬೇಕು.

ಮಾತ್ರೆ ತಗೊಳ್ಳುವ ರೀತಿಯೂ ಮುಖ್ಯ. ನನಗೆ ದಿನ ಬಿಟ್ಟು ದಿನ ಒಂದು ಅಂತ ಬರೆದಿದ್ದರು. ದಿನಾ ತಗೊಂಡರೆ ಬೇಗ ಏರಲ್ವಾ ಅಂತ ಕೇಳಿದೆ. ಕಬ್ಬಿಣದ ಮಾತ್ರೆ ಹೊಟ್ಟೆಗೆ ಬಿದ್ದರೆ ಲಿವರ್ ಹೆಪ್ಸಿಡಿನ್ ಅನ್ನುವ ಹಾರ್ಮೋನು ಬಿಡುತ್ತದೆ, ಅದು ಮರುದಿನದವರೆಗೂ ಕರುಳು ಕಬ್ಬಿಣ ಹೀರುವುದನ್ನು ತಡೆಯುತ್ತದೆ ಅಂದರು. ಒಂದು ದಿನ ಬಿಟ್ಟರೆ ಒಂದೊಂದು ಮಾತ್ರೆಯಿಂದಲೂ ಹೆಚ್ಚು ಹೀರುತ್ತದೆ, ಹೊಟ್ಟೆ ತೊಳಸುವುದೂ ಕಡಿಮೆ. ನಿಂಬೆಹಣ್ಣಿನ ಪಾನಕದ ಜೊತೆ ತಗೊಳ್ಳುತ್ತಿದ್ದೆ. ಹಾಲು, ಕಾಫಿ, ಕ್ಯಾಲ್ಸಿಯಂ ಮಾತ್ರೆ ಯಾವುದೂ ಆ ಹೊತ್ತಿಗೆ ಇಲ್ಲ. ಥೈರಾಯ್ಡ್ ಮಾತ್ರೆ ತಗೊಳ್ಳುವವರು ಇದಕ್ಕೂ ಅದಕ್ಕೂ ನಾಲ್ಕು ಗಂಟೆ ಅಂತರ ಇಡಬೇಕು. ಮಲ ಕಪ್ಪಗಾಗುತ್ತದೆ, ಹೆದರಬೇಡಿ. ಮಲಬದ್ಧತೆಗೆ ನಾನು ರಾತ್ರಿ ನೆನೆಸಿದ ಒಣದ್ರಾಕ್ಷಿ ನಂಬಿಕೊಂಡೆ, ಪರವಾಗಿಲ್ಲ ಅನ್ನುವಷ್ಟು ಕೆಲಸ ಆಯಿತು. ಒಂದು ಮಾತು: ಟೆಸ್ಟ್ ಮಾಡಿಸದೆ ಕಬ್ಬಿಣದ ಮಾತ್ರೆ ಶುರುಮಾಡಬೇಡಿ. ಜಾಸ್ತಿಯಾದರೆ ಅದೂ ಕೆಟ್ಟದ್ದೇ.

ಕೆಲವು ವಾರಗಳಲ್ಲಿ ಅಕ್ಕಿ ಆಸೆ ಹೋಯಿತು. ಸುಸ್ತಿಗಿಂತ ಮೊದಲು ಅದೇ ಹೋದದ್ದು. ಆಮೇಲೆ ಕಾಲಿನ ಚಡಪಡಿಕೆ. ಸಂಗ್ರಹ ತುಂಬಲು ಮಾತ್ರ ತಿಂಗಳುಗಳೇ ಬೇಕಾಯಿತು. ಸುಧಾರಿಸಿತು ಅಂತ ಮಧ್ಯದಲ್ಲಿ ಮಾತ್ರೆ ನಿಲ್ಲಿಸಬಾರದು.

ಕಾಲು ಸುಮ್ಮನಾದ ಮೇಲೆ ನಿದ್ದೆಗೆ ಕೈಹಾಕಿದೆ. ದೊಡ್ಡವರಿಗೆ ಏಳು ಗಂಟೆಯಾದರೂ ಬೇಕು. ಬೆಳಗ್ಗೆ ಐದೂವರೆಗೆ ಏಳಬೇಕಾದವಳು ಹತ್ತೂವರೆಗೆ ಮಲಗಬೇಕು, ಲೆಕ್ಕ ಇಷ್ಟೇ. ಅದಕ್ಕೆ ಅಡ್ಡ ನಿಂತದ್ದು ಸಂಜೆ ಆರರ ಕಾಫಿ. ನಮ್ಮ ಕ್ಯಾಂಟೀನಿನಲ್ಲಿ ಹೊರಡುವ ಮೊದಲು ಒಂದು ಕಪ್ ಕುಡಿದು ಬರುವುದು ಎಲ್ಲರ ಅಭ್ಯಾಸ. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಆರಕ್ಕೆ ಕುಡಿದದ್ದು ಹನ್ನೊಂದಕ್ಕೂ ಅರ್ಧ ಮೈಯಲ್ಲೇ ಇರುತ್ತದೆ. ನಾನು ಫಿಲ್ಟರ್ ಕಾಫಿ ಬಿಡುವವಳಲ್ಲ. ಎದ್ದ ತಕ್ಷಣ ಒಂದು ಲೋಟ, ಮಧ್ಯಾಹ್ನ ಎರಡೂವರೆಗೆ ಸಹೋದ್ಯೋಗಿ ಜೊತೆ ಬೈ ಟೂ. ಅಲ್ಲಿಗೆ ಮುಗಿಯಿತು. ಮುಂಚೆ ತಿಂಡಿ ಜೊತೆ ಕುಡಿಯುತ್ತಿದ್ದ ಕಾಫಿಯನ್ನು ತಿಂಡಿಗೆ ಒಂದು ಗಂಟೆ ಮೊದಲೇ, ಎದ್ದ ತಕ್ಷಣಕ್ಕೆ ತಂದದ್ದು ಕಬ್ಬಿಣದ ಕಾರಣಕ್ಕೆ. ಕಾಫಿ, ಟೀ ಎರಡೂ ಊಟದ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ.

ಬೆಳಗಿನ ಆ ಲೋಟ ಹಿಡಿದುಕೊಂಡು ಟೆರೇಸಿಗೆ ಹೋಗುತ್ತೇನೆ. ನಮ್ಮ ಮೆದುಳಿನ ಗಡಿಯಾರಕ್ಕೆ ಹಗಲು ಶುರುವಾಯಿತು ಅಂತ ಹೇಳುವುದು ಬೆಳಕು. ಜುಲೈಯ ಮೋಡ ಕವಿದ ಬೆಂಗಳೂರಿನಲ್ಲೂ ಹೊರಗಿನ ಬೆಳಕು ಅಡುಗೆಮನೆಯ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ. ಬೆಳಗ್ಗೆ ಬೆಳಕಿಗೆ ಬಂದ ದಿನ ರಾತ್ರಿ ನಿದ್ದೆ ಬೇಗ ಬರುತ್ತದೆ. ಸಂಜೆ ಮೆಟ್ರೋದಲ್ಲಿ ಸೀಟು ಸಿಕ್ಕರೂ ಕಣ್ಣು ಮುಚ್ಚುವುದಿಲ್ಲ. ಮಲಗುವುದಿದ್ದರೆ ಮಧ್ಯಾಹ್ನ ಊಟ ಆದ ಮೇಲೆ, ಅದೂ ಹದಿನೈದು ಇಪ್ಪತ್ತು ನಿಮಿಷ. ಅದಕ್ಕಿಂತ ಜಾಸ್ತಿ ಮಲಗಿದರೆ ಎದ್ದ ಮೇಲೆ ತಲೆ ಭಾರ. ಭಾನುವಾರ ಹತ್ತರವರೆಗೆ ಮಲಗುವ ಸುಖ ಮಾತ್ರ ಬಿಡಬೇಕಾಯಿತು. ಬೇಜಾರಿನ ವಿಷಯ, ಆದರೆ ಸೋಮವಾರ ನೆಟ್ಟಗಾಯಿತು.

ಇಲ್ಲಿ ನಮ್ಮನೆಯವರ ಕಥೆ ಹೇಳಲೇಬೇಕು. ಅವರದೂ ಸುಸ್ತೇ, ಆದರೆ ಡಾಕ್ಟರಮ್ಮ ಹೇಳಿದ ಮೊದಲನೇ ಜಾತಿಯದು. ಎಲೆಕ್ಟ್ರಾನಿಕ್ ಸಿಟಿಗೆ ಕಾರಿನಲ್ಲಿ ಹೋಗುತ್ತಾರೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕಾರು ನಿಂತರೆ ಗಲ್ಲ ಎದೆಗೆ ತಾಗುತ್ತಿತ್ತು. ಒಮ್ಮೆ ಪಕ್ಕದಲ್ಲಿ ನಾನಿದ್ದೆ. ಗ್ರೀನ್ ಬಿದ್ದು ಹಿಂದಿನವರು ಹಾರ್ನ್ ಹೊಡೆಯುತ್ತಿದ್ದಾರೆ, ಇವರಿಗೆ ಎಚ್ಚರ ಇಲ್ಲ. "ರೀ!" ಅಂತ ಭುಜ ಅಲ್ಲಾಡಿಸಿದೆ. "ಎದ್ದೇ ಇದೀನಿ ಕಣೇ" ಅಂದರು. ರಾತ್ರಿ ಗೊರಕೆ, ನಡುವೆ ಉಸಿರೇ ನಿಂತ ಹಾಗೆ ಒಂದು ಮೌನ, ಆಮೇಲೆ ದಡಕ್ಕನೆ ಉಸಿರು ಎಳೆಯುವುದು. ನನ್ನ ಕಬ್ಬಿಣದ ಮಾತ್ರೆಯನ್ನೇ ಅವರೂ ಶುರುಮಾಡುತ್ತೇನೆ ಅಂದಿದ್ದರು. ಅವರ ರಕ್ತದ ರಿಪೋರ್ಟು ನನ್ನದಕ್ಕಿಂತ ಚೆನ್ನಾಗಿತ್ತು.

ಅವರಿಗೆ ಎಪ್‌ವರ್ತ್ ಅನ್ನುವ ಒಂದು ಪಟ್ಟಿ ತುಂಬಿಸಿದರು. ಆಸ್ಟ್ರೇಲಿಯಾದ ಡಾಕ್ಟರ್ ಮರ್ರೇ ಜಾನ್ಸ್ 1991ರಲ್ಲಿ ಮಾಡಿದ್ದು. ಎಂಟು ಪ್ರಶ್ನೆ, ಒಟ್ಟು 24 ಅಂಕ. ಟಿವಿ ನೋಡುವಾಗ, ಓದುವಾಗ, ಟ್ರಾಫಿಕ್ಕಿನಲ್ಲಿ ಕಾರು ನಿಂತಾಗ ತೂಕಡಿಕೆ ಬರುತ್ತಾ ಅಂತೆಲ್ಲ ಕೇಳುತ್ತಾರೆ. ಹತ್ತಕ್ಕಿಂತ ಜಾಸ್ತಿ ಬಂದರೆ ಮುಂದಿನ ಪರೀಕ್ಷೆ. ಇವರಿಗೆ ರಾತ್ರಿ ಪೂರ್ತಿ ಮೂಗು, ಎದೆ, ಬೆರಳಿಗೆ ವೈರು ಸಿಕ್ಕಿಸಿ ನಿದ್ದೆಯ ಟೆಸ್ಟ್ ಮಾಡಿದರು. ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅಥವಾ ತಗ್ಗುತ್ತದೆ ಅಂತ ಎಣಿಸುತ್ತಾರೆ. ಐದರವರೆಗೆ ಅಡ್ಡಿಯಿಲ್ಲ, ಮೂವತ್ತು ದಾಟಿದರೆ ತೀವ್ರ. ಇವರದು ಮೂವತ್ತು ದಾಟಿತ್ತು. ಇದೇ ಸ್ಲೀಪ್ ಅಪ್ನಿಯಾ. ಎಂಟು ಗಂಟೆ ಮಲಗಿದರೂ ಸುಸ್ತು ಇಳಿಯದವರು, ಜೋರು ಗೊರಕೆಯವರು, ಬಿಪಿ ಹತೋಟಿಗೆ ಬಾರದವರು ಇದನ್ನು ತಪ್ಪದೆ ನೋಡಿಸಬೇಕು. ಗಾಡಿ ಓಡಿಸುವವರಂತೂ ನಾಳೆ ಅನ್ನಬಾರದು. ಈಗ ರಾತ್ರಿ ಸಿಪ್ಯಾಪ್ ಮಾಸ್ಕ್, ಅಂದರೆ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಯಂತ್ರದ ಮಾಸ್ಕ್, ಹಾಕಿಕೊಂಡು ಮಲಗುತ್ತಾರೆ. ಮೊದಲು ಕಿರಿಕಿರಿ ಅಂದರು, ಮೂಗು ಒಣಗುತ್ತೆ ಅಂದರು, ಬೇರೆ ಅಳತೆಯ ಮಾಸ್ಕ್ ತಂದ ಮೇಲೆ ಒಗ್ಗಿತು. ಸಿಗ್ನಲ್ಲಿನಲ್ಲಿ ಈಗ ಪಕ್ಕದ ಗಾಡಿಯವರನ್ನು ಬೈಯುವಷ್ಟು ಎಚ್ಚರವಾಗಿರುತ್ತಾರೆ.

ಊಟದ ವಿಷಯಕ್ಕೆ ಬಂದರೆ, ಸಲಹೆ ಕೊಡುವವರ ಕೈಯಲ್ಲಿ ಯಾವಾಗಲೂ ಬೀಟ್ರೂಟ್ ಮತ್ತು ದಾಳಿಂಬೆ ಇರುತ್ತದೆ. ಕೆಂಪಗಿದ್ದರೆ ರಕ್ತ ಆಗುತ್ತೆ ಅನ್ನುವ ನಂಬಿಕೆ. ಎರಡರಲ್ಲೂ ನೂರು ಗ್ರಾಂಗೆ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಪ್ರಕಾರ ಹೆಂಗಸರಿಗೆ ದಿನಕ್ಕೆ ಬೇಕಾದ್ದು 29 ಮಿಲಿಗ್ರಾಂ, ಗಂಡಸರಿಗೆ 19. ದಾಳಿಂಬೆಯಿಂದ ಇದನ್ನು ತುಂಬಿಸಲು ಹೋದರೆ ಸಂಬಳ ಸಾಲದು! ನಾನು ನೆಚ್ಚಿಕೊಂಡದ್ದು ರಾಗಿ, ಹುರುಳಿ, ಕಡಲೆಕಾಳು, ನುಗ್ಗೆಸೊಪ್ಪು. ಗಿಡದಿಂದ ಬರುವ ಕಬ್ಬಿಣ ಮೈಗೆ ಹತ್ತುವುದು ಕಡಿಮೆ, ಹುಳಿ ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ. ನಿಂಬೆ, ನೆಲ್ಲಿಕಾಯಿಯ ವಿಟಮಿನ್ ಸಿ ಮಾಡುವ ಕೆಲಸ ಅದು. ನಮ್ಮ ಕೋಸಂಬರಿಗೆ ನಿಂಬೆ ಹಿಂಡುವುದು ಸುಮ್ನೆ ಅಲ್ಲ ಅಂತ ನನಗೆ ಈಗ ಅನಿಸುತ್ತದೆ.

ಮಧ್ಯಾಹ್ನದ ಡಬ್ಬ ಬದಲಾಯಿತು. ಮುಂಚೆ ಡಬ್ಬದ ತುಂಬಾ ಚಿತ್ರಾನ್ನವೋ ಪುಳಿಯೋಗರೆಯೋ ಇರುತ್ತಿತ್ತು. ಈಗ ಅನ್ನ ಅರ್ಧ, ಉಳಿದರ್ಧ ಕಾಳಿನ ಉಸಲಿ ಇಲ್ಲ ಸೊಪ್ಪಿನ ಪಲ್ಯ, ಜೊತೆಗೆ ಮೊಸರು. ಅವರೆಕಾಯಿ ಕಾಲದಲ್ಲಿ ಹೇಳುವುದೇ ಬೇಡ, ಹಿತಕಿದ ಬೇಳೆ ಇಲ್ಲದ ದಿನ ಇಲ್ಲ. ಮಧ್ಯಾಹ್ನ ಒಂದರಿಂದ ಮೂರರ ನಡುವೆ ತುಂಬಾ ಜನರ ಮೈ ಸ್ವಲ್ಪ ಮಂಕಾಗುತ್ತದೆ, ಊಟ ಮಾಡದಿದ್ದರೂ. ಬರೀ ಅನ್ನ ಹೊಟ್ಟೆ ತುಂಬಾ ಉಂಡರೆ ಅದು ಇನ್ನೂ ಜೋರು.

ನಡಿಗೆ? ಒಂದು ಬೆಳಗ್ಗೆ ಬನಶಂಕರಿ ಸ್ಟೇಷನ್ನಿನಲ್ಲಿ ಎಸ್ಕಲೇಟರ್ ಕ್ಯೂ ನೋಡಿ ಬೇಸರವಾಗಿ ಮೆಟ್ಟಿಲು ಹತ್ತಿದೆ. ಪ್ಲಾಟ್‌ಫಾರ್ಮಿಗೆ ಬಂದ ಮೇಲೆ ಗೊತ್ತಾಯಿತು, ನಡುವೆ ಎಲ್ಲೂ ನಿಲ್ಲಲಿಲ್ಲ ಅಂತ. ಆಮೇಲೆ ಮನೆಯಿಂದ ಸ್ಟೇಷನ್ನಿಗೆ ಆಟೋ ಬಿಟ್ಟೆ. ಐದಕ್ಕೆ ಏಳುವ ವಾಕಿಂಗ್ ಈಗಲೂ ಇಲ್ಲ.

ಜಿಎಸ್‌ಟಿ ರಿಟರ್ನ್ ಕಟ್ಟುವ ವಾರ ಈಗಲೂ ಸುಸ್ತಾಗುತ್ತದೆ. ಆದರೆ ಒಂದು ರಾತ್ರಿ ನಿದ್ದೆಯಲ್ಲಿ ಇಳಿಯುತ್ತದೆ. ಯಾರಾದರೂ ಕೇಳಿದರೆ ನಾನು ಹೇಳುವುದು ಹೀಗೆ. ಎರಡು ಮೂರು ವಾರ ಚೆನ್ನಾಗಿ ಮಲಗಿದರೂ ಸುಸ್ತು ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಿ, ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್, ಬಿ12, ಟಿಎಸ್ಎಚ್, ಸಕ್ಕರೆ ಬೇಕಾ ಅಂತ ಕೇಳಿ. ಯಾವುದರಲ್ಲೂ ಮನಸ್ಸಿಲ್ಲ, ಅಳು ಬರುತ್ತೆ ಅಂತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ, ಖಿನ್ನತೆಯಲ್ಲೂ ಮೈ ಹೀಗೇ ಸೋಲುತ್ತದೆ. ತೂಕ ತಾನಾಗೇ ಇಳಿಯುತ್ತಿದ್ದರೆ, ಎದೆ ನೋವು ಬಂದರೆ, ಕೂತಲ್ಲೇ ಉಸಿರು ಕಟ್ಟಿದರೆ ವಾರಗಟ್ಟಲೆ ಕಾಯಬೇಡಿ. ರಾತ್ರಿ ಗೊರಕೆ ಇದೆಯಾ ಅಂತ ನಿಮ್ಮನ್ನು ನೀವು ಕೇಳಿಕೊಂಡು ಲಾಭವಿಲ್ಲ, ಪಕ್ಕದಲ್ಲಿ ಮಲಗುವವರನ್ನು ಕೇಳಿ. ಹೋಗುವಾಗ ಹಳೆಯ ರಿಪೋರ್ಟುಗಳನ್ನೂ ಒಯ್ಯಿರಿ, ಹೊಸದರ ಪಕ್ಕ ಇಟ್ಟು ನೋಡಲು ಡಾಕ್ಟರಿಗೆ ಬೇಕಾಗುತ್ತದೆ.