ಲಿನಕ್ಸ್ ಡಿಸ್ಕ್‌ನಲ್ಲಿ ಜಾಗ ಉಳಿಸಲು: ಮೊದಲು ಕುಗ್ಗಿಸಿ, ಆಮೇಲೆ ಹಂಚಿ

ಡಿಸ್ಕ್ ತುಂಬಿತು ಅಂದ ಕೂಡಲೇ ಹೊಸದು ಕೊಳ್ಳಲು ಓಡಬೇಡಿ. ನಿಮ್ಮ ಲಿನಕ್ಸ್ ಕಂಪ್ಯೂಟರಿನಲ್ಲಿ ಫೈಲ್‌ಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ವ್ಯವಸ್ಥೆ ಬಿಟಿಆರ್‌ಎಫ್‌ಎಸ್ ಆಗಿದ್ದರೆ ('ಬಟರ್ ಎಫ್‌ಎಸ್' ಅಂತಲೂ ಕರೆಯುತ್ತಾರೆ, ಬೆಣ್ಣೆಗೂ ಇದಕ್ಕೂ ನಂಟಿಲ್ಲ), ಜಾಗ ಉಳಿಸುವ ಎರಡು ದಾರಿ ಅದರೊಳಗೇ ಇವೆ. ಒಂದು, ಫೈಲನ್ನು ಕುಗ್ಗಿಸಿ ಇಡುವುದು. ಇನ್ನೊಂದು, ಒಂದೇ ತರಹದ ಫೈಲ್‌ಗಳು ಡಿಸ್ಕಿನ ಒಂದೇ ಜಾಗವನ್ನು ಹಂಚಿಕೊಳ್ಳುವುದು. ಎರಡನ್ನೂ ಮಾಡುವುದಾದರೆ ಕುಗ್ಗಿಸುವ ಕೆಲಸವೇ ಮೊದಲು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬ್ಯಾಕಪ್ ಮಾಡಿಕೊಂಡಿರಾ? ಸರಿ, ಇಟಿಸಿ ಫೋಲ್ಡರಿನ ಎಫ್‌ಎಸ್‌ಟ್ಯಾಬ್ ಫೈಲ್ ತೆರೆಯಿರಿ. ಬೂಟ್ ಆಗುವಾಗ ಯಾವ ಡಿಸ್ಕನ್ನು ಹೇಗೆ ಜೋಡಿಸಬೇಕು (ಮೌಂಟ್) ಅನ್ನುವ ಪಟ್ಟಿ ಇದು. ಬಿಟಿಆರ್‌ಎಫ್‌ಎಸ್ ಸಾಲಿನ ಮೌಂಟ್ ಆಯ್ಕೆಗಳ (ನಾಲ್ಕನೇ ಅಂಕಣ) ಕೊನೆಗೆ ಅಲ್ಪವಿರಾಮ ಹಾಕಿ, 'ಕಂಪ್ರೆಸ್', ಸಮ ಚಿಹ್ನೆ, 'ಝಡ್‌ಎಸ್‌ಟಿಡಿ' ಎಂಬ ಕುಗ್ಗಿಸುವ ವಿಧಾನದ ಹೆಸರು ಸೇರಿಸಿ. ಎಲ್ಲವೂ ಇಂಗ್ಲಿಷ್ ಸಣ್ಣಕ್ಷರ, ನಡುವೆ ಸ್ಪೇಸ್ ಬೇಡ. ಈ ಸಾಲಿನಲ್ಲಿ ತಪ್ಪಾದರೆ ಸಿಸ್ಟಮ್ ಬೂಟ್ ಆಗದೇ ಹೋಗಬಹುದು, ಎರಡು ಸಲ ನೋಡಿ. ಕುಗ್ಗಿಸುವ ಮಟ್ಟ ಸಾಮಾನ್ಯವಾಗಿ 1ರಿಂದ 15. ಹೇಳದಿದ್ದರೆ 3, ಮನೆಯ ಬಳಕೆಗೆ ಅಷ್ಟು ಸಾಕು. ಫೆಡೋರಾ ಲಿನಕ್ಸ್ ಡೆಸ್ಕ್‌ಟಾಪ್‌ನ ಹೊಸ ಇನ್‌ಸ್ಟಾಲ್‌ಗಳಲ್ಲಿ 2021ರ 34ನೇ ಆವೃತ್ತಿಯಿಂದ 1ನೇ ಮಟ್ಟ ಮೊದಲೇ ಇರುತ್ತದೆ. ರೀಬೂಟ್ ಮಾಡಿ.

ಇನ್ನು ಮುಂದೆ ಬರೆಯುವುದಷ್ಟೇ ಕುಗ್ಗುತ್ತದೆ. ಲಾಗ್, ಕೋಡ್, ಪಠ್ಯ ಚೆನ್ನಾಗಿ ಕುಗ್ಗುತ್ತವೆ. ಫೋಟೊ, ವಿಡಿಯೊ ಮೊದಲೇ ಹಿಂಡಿದ ಕಬ್ಬು, ಅವುಗಳಿಂದ ಏನೂ ಸಿಗದು.

ಹಳೆಯ ಫೈಲ್‌ಗಳಿಗೆ 'ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್ ಡಿಫ್ರಾಗ್ಮೆಂಟ್' ಆದೇಶ ಬೇಕು. ಅದಕ್ಕೆ 'ಡ್ಯಾಶ್ ಆರ್' ಕೊಡಿ, 'ಡ್ಯಾಶ್ ಸಿ'ಗೆ ಅಂಟಿಸಿ ಝಡ್‌ಎಸ್‌ಟಿಡಿ ಬರೆಯಿರಿ. ಎಡವುವುದು ಇಲ್ಲೇ. ಇದು ಫೈಲನ್ನು ಹೊಸ ಜಾಗದಲ್ಲಿ ಬರೆಯುತ್ತದೆ. ಸ್ನ್ಯಾಪ್‌ಶಾಟ್ (ಫೈಲ್‌ಗಳು ಒಂದು ಹೊತ್ತಿನಲ್ಲಿ ಇದ್ದ ಹಾಗೆ ಹಿಡಿದಿಟ್ಟ ಪ್ರತಿ) ಮಾತ್ರ ಹಳೆಯ ಜಾಗವನ್ನು ಹಿಡಿದೇ ಇರುತ್ತದೆ. ಹಂಚಿಕೆ ಮುರಿದು, ಜಾಗ ಉಳಿಯುವ ಬದಲು ಇನ್ನೂ ಜಾಸ್ತಿ ಖರ್ಚಾಗಬಹುದು. ಕುಗ್ಗಿಸುವ ಕೆಲಸ ಮೊದಲು, ಹಂಚಿಕೆ ಆಮೇಲೆ ಅಂದದ್ದು ಇದಕ್ಕೇ. ಹಾಗಾಗಿ ಬೇಡದ ಸ್ನ್ಯಾಪ್‌ಶಾಟ್‌ಗಳನ್ನು ಮೊದಲೇ ಅಳಿಸಿ.

ಇನ್ನು ಹಂಚಿಕೆ. 'ಸಿಪಿ' ಆದೇಶಕ್ಕೆ 'ರೀಫ್ಲಿಂಕ್' ಆಯ್ಕೆ ಕೊಟ್ಟು ನಕಲು ಮಾಡಿದರೆ ದೊಡ್ಡ ಫೈಲ್ ಕೂಡ ಕ್ಷಣದಲ್ಲಿ ಮುಗಿಯುತ್ತದೆ. ಅಣ್ಣತಮ್ಮ ಒಂದೇ ಮನೆಯಲ್ಲಿದ್ದ ಹಾಗೆ. ಯಾರಾದರೂ ತಿದ್ದಿದರೆ ಆ ಭಾಗಕ್ಕೆ ಮಾತ್ರ ಬೇರೆ ಒಲೆ. ಸಿಪಿ ಬರುವ ಕೋರ್‌ಯುಟಿಲ್ಸ್ ಪ್ಯಾಕೇಜಿನ 2021ರ 9.0 ಆವೃತ್ತಿಯಿಂದ ಸಿಪಿ ಸಾಧ್ಯವಾದಲ್ಲೆಲ್ಲ ಇದನ್ನು ತಾನೇ ಮಾಡುತ್ತದೆ. ಮೊದಲೇ ಇರುವ ಒಂದೇ ತರಹದ ಫೈಲ್‌ಗಳನ್ನು ಹುಡುಕಿ ಹಂಚಿಸಲು 'ಡ್ಯೂಪ್‌ರಿಮೂವ್' ಇದೆ. 'ಡ್ಯಾಶ್ ಡಿ' ಕೊಡದಿದ್ದರೆ ಸುಮ್ನೆ ಪಟ್ಟಿ ತೋರಿಸುತ್ತದೆ. ಮೊದಲು ಅದನ್ನೇ ನೋಡಿ. ಒಂದು ಎಚ್ಚರ: ಹೀಗೆ ಹಂಚಿಕೊಂಡ ನಕಲನ್ನು ಬ್ಯಾಕಪ್ ಅಂದುಕೊಳ್ಳಬೇಡಿ. ಆ ಜಾಗ ಕೆಟ್ಟರೆ ಎರಡೂ ಹೋದವು.

ಎಷ್ಟು ಉಳಿಯಿತು ಅಂತ, ಗಾತ್ರ ತೋರಿಸುವ 'ಡಿಯು' ಆದೇಶ ಸರಿಯಾಗಿ ಹೇಳುವುದಿಲ್ಲ. 'ಕಾಂಪ್‌ಸೈಜ್' ಹಾಕಿಕೊಂಡು ರೂಟ್ (ಆಡಳಿತಗಾರ) ಆಗಿ ಓಡಿಸಿ. ಡಿಸ್ಕಿನಲ್ಲಿ ನಿಜಕ್ಕೂ ಹಿಡಿದ ಜಾಗ, ಕುಗ್ಗಿಸುವ ಮುಂಚಿನ ಗಾತ್ರ, ಎರಡನ್ನೂ ಪಕ್ಕಪಕ್ಕದಲ್ಲೇ ತೋರಿಸುತ್ತದೆ.