ಕರಡಿ ಡಬ್ಬಿಯಲ್ಲಿ ಏಳು ದಿನದ ಊಟ ಹಿಡಿಸುವುದು ಹೇಗೆ?

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾದಲ್ಲಿ ಸುಮಾರು 340 ಕಿ.ಮೀ. ಉದ್ದದ ಜಾನ್ ಮ್ಯೂರ್ ಟ್ರೇಲ್ ಎಂಬ ಚಾರಣದ ದಾರಿ ಹಿಡಿಯುವವರು ಊಟದ ಚೀಲವನ್ನು ಮರಕ್ಕೆ ನೇತುಹಾಕಿ ನಿಶ್ಚಿಂತೆಯಿಂದ ಮಲಗುವ ಹಾಗಿಲ್ಲ. ಆ ದಾರಿಯ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಅದು ನಿಷಿದ್ಧ. ಅಲ್ಲಿನ ಕಪ್ಪು ಕರಡಿಗಳು ಆ ಚೀಲ ಇಳಿಸುವುದನ್ನು ಎಂದೋ ಕಲಿತಿವೆ. ಊಟ ಕರಡಿಗೆ ಸಿಗದಂತೆ ಕಾಯುವ, ಬೇರ್ ಕ್ಯಾನಿಸ್ಟರ್ ಎಂಬ ಗಟ್ಟಿ ಡಬ್ಬಿ ಕಡ್ಡಾಯ. ಅರ್ಸ್ಯಾಕ್‌ನಂಥ ಬಟ್ಟೆಚೀಲ ನಡೆಯದು.

ಹಲವರು ಹೊರುವ ಬೇರ್‌ವಾಲ್ಟ್ ಬಿವಿ500 ಡಬ್ಬಿ 11.5 ಲೀಟರಿನದು. ಖಾಲಿ ಡಬ್ಬಿಯೇ ಕಿಲೋ ದಾಟುತ್ತದೆ, ಆದರೂ ಹೆಚ್ಚು ಕಾಡುವುದು ಜಾಗ. ರಟ್ಟಿನ ಪೆಟ್ಟಿಗೆಗಳನ್ನು ಮನೆಯಲ್ಲೇ ಬಿಡಿ. ಎಲ್ಲವನ್ನೂ ಜಿಪ್ ಕವರಿಗೆ ಸುರಿದು ಗಾಳಿ ಒತ್ತಿ ತೆಗೆಯಿರಿ. ಅಂಗಡಿ ಪೊಟ್ಟಣಗಳಿಗೆ ಸೂಜಿ ಚುಚ್ಚಿ, ಇಲ್ಲದಿದ್ದರೆ ಎತ್ತರ ಏರಿದಂತೆ ಉಬ್ಬುತ್ತವೆ. ಬೇ ಏರಿಯಾದಿಂದ ಹೊರಡುವ ಕನ್ನಡಿಗರಿಗೊಂದು ಮಾತು: ಹುರಿಹಿಟ್ಟು, ಶೇಂಗಾ ಚಟ್ನಿಪುಡಿ ಬಂಗಾರ; ಚಕ್ಕುಲಿ, ತೆಳು ಅವಲಕ್ಕಿ ಬರೀ ಗಾಳಿ ಹೊತ್ತಂತೆ.

ಕೊನೆಯ ದಿನದ್ದು ತಳಕ್ಕೆ, ನಾಳೆಯದು ಮೇಲಕ್ಕೆ. ಮೊದಲ ದಿನ ಕತ್ತಲಾಗುವ ಮುನ್ನ ತಿಂದು ಮುಗಿಸುವುದು ಡಬ್ಬಿಯಲ್ಲಿ ಹಿಡಿಸಲೇಬೇಕೆಂದಿಲ್ಲ, ಆದರೆ ಕೈಗೆಟುಕುವಷ್ಟು ಹತ್ತಿರವೇ ಇರಲಿ. ಅದರ ಕಸ ಮಾತ್ರ ಒಳಗೇ ಹೋಗಬೇಕು. ಹೆಚ್ಚಿನವರು ಎಡವುವುದು ಇಲ್ಲಿ: ಅಂಚಿನವರೆಗೆ ಊಟ ತುಂಬಿದ ಮೇಲೆ ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ಲಿಪ್ ಬಾಮ್ ನೆನಪಾಗುತ್ತವೆ. ಕರಡಿಯ ಮೂಗಿಗೆ ಇವೂ ಊಟವೇ. ಅವಕ್ಕೆ ಮೊದಲೇ ಜಾಗ ಬಿಡಿ.

ರಾತ್ರಿ ಡಬ್ಬಿ ಟೆಂಟಿನಿಂದ 30 ಮೀಟರ್ ಆಚೆ, ಸಮತಟ್ಟು ನೆಲದಲ್ಲಿರಲಿ. ಇಳಿಜಾರು, ಹೊಳೆದಂಡೆ ಬೇಡ. ಕರಡಿ ಉರುಳಿಸಿದರೆ ಮತ್ತೆ ಸಿಗುವುದಿಲ್ಲ. ಹಗ್ಗ ಕಟ್ಟಿದರೆ ಎಳೆದೊಯ್ಯಲು ನೀವೇ ಹಿಡಿಕೆ ಕೊಟ್ಟಂತೆ. ಮುಚ್ಚಳದ ಗುಬುಟು (ಪುಟ್ಟ ಉಬ್ಬು) ಡಬ್ಬಿಯ ತಡೆ ದಾಟಿ ಟಕ್ ಎನ್ನುವವರೆಗೂ ತಿರುಗಿಸಿ. ಅರ್ಧ ತಿರುಗಿಸಿದ ಮುಚ್ಚಳ ಮುಚ್ಚದಂತೆಯೇ. ಚಳಿಯ ಬೆಳಿಗ್ಗೆ ಪ್ಲಾಸ್ಟಿಕ್ ಬಿಗಿದುಕೊಂಡು ತೆರೆಯದಿದ್ದರೆ ಹಳೆಯ ಎಟಿಎಂ ಕಾರ್ಡಿನಿಂದ ಗುಬುಟು ಒತ್ತಿ. (ನ್ಯೂಯಾರ್ಕಿನ ಅಡಿರಾಂಡಾಕ್ ಬೆಟ್ಟಗಳಲ್ಲಿ ಯೆಲ್ಲೋ-ಯೆಲ್ಲೋ ಎಂಬ ಹೆಣ್ಣು ಕರಡಿ ಕಾರ್ಡಿಲ್ಲದೆಯೇ ಬೇರ್‌ವಾಲ್ಟ್ ತೆರೆಯಲು ಕಲಿತಿತ್ತು.)

ದಕ್ಷಿಣಕ್ಕೆ ನಡೆಯುವವರಿಗೆ ನಿಜವಾದ ಲೆಕ್ಕ ಬರುವುದು ನಡುದಾರಿಯ ತಂಗುದಾಣ ಮ್ಯೂರ್ ಟ್ರೇಲ್ ರಾಂಚ್ ದಾಟಿದ ಮೇಲೆ. ಮುಂಚೆಯೇ ಬಕೆಟ್ಟಿನಲ್ಲಿ ಕಳಿಸಿದ ದಿನಸಿ ಅಲ್ಲಿ ಸಿಗುತ್ತದೆ. ಮುಂದೆ ದಾರಿಯ ಕೊನೆಯ ವಿಟ್ನಿ ಶಿಖರ ಮುಗಿಸಿ ಇಳಿಯುವವರೆಗೆ ದಾರಿಯ ಮೇಲೆ ಅಂಗಡಿಯಿಲ್ಲ. ಒಂಬತ್ತು-ಹತ್ತು ದಿನ ತಗಲುವವರಿಗೆ ಒಂದು ಡಬ್ಬಿ ಸಾಲದು. ಅಂಥವರು ನಡುವೆ ಕಿಯರ್‌ಸಾರ್ಜ್ ಪಾಸ್ ಎಂಬ ಬೆಟ್ಟದ ಕಣಿವೆದಾರಿ ದಾಟಿ, ಆನಿಯನ್ ವ್ಯಾಲಿ ಕಡೆಗೆ ಇಳಿದು ತುಂಬಿಸಿಕೊಂಡು ಬರುವುದೇ ಲೇಸು.